ಲೀಡರು ಎಷ್ಟು ಮೊಳ?

ಗಾಳದ ದಾರದಲ್ಲಿ ಮುಖ್ಯವಾಗಿ ಮೂರು ಜಾತಿ: ನೈಲಾನ್, ಫ್ಲೋರೋಕಾರ್ಬನ್, ಹೆಣೆದ ಬ್ರೇಡು. ಮೂರೂ ನಮ್ಮ ಮನೆಯಲ್ಲಿವೆ. ಮೀನು ಮಾತ್ರ ಸಂತೆಯಿಂದ ಬರುತ್ತದೆ.

ಪಾಪಿರೆಡ್ಡಿಪಟ್ಟಿಯಲ್ಲಿ ನಮ್ಮಂಥವರಿಗೆ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನಗೆ ಇತ್ತೀಚೆಗೆ ಮೂರನೆಯದೊಂದು ಅಂಟಿಕೊಂಡಿದೆ: ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಅಮೆರಿಕದವರು ಬಾಸ್ ಮೀನು ಹಿಡಿಯುತ್ತಾ ಆಡುವ ಇಂಗ್ಲಿಷು. ಆ ಬಾಸ್ ನಮ್ಮ ಕಡೆ ಇಲ್ಲ. ಏರ್ಕಾಡಿನ ಬೆಟ್ಟದ ನೀರು ಇಳಿದು ಬಂದು ನಿಲ್ಲುವ ವಾಣಿಯಾರ್ ಅಣೆಯಲ್ಲೂ ಇಲ್ಲ, ಅದರ ಕೆಳಗಿನ ಕೆರೆಗಳಲ್ಲೂ ಇಲ್ಲ. ನಮಗೆ ದೇವರು ಕೊಟ್ಟದ್ದು ಕೊರಮೀನು, ಹೊಸಿಲಾಚೆ ಅದರ ಹೆಸರು ವಿರಾಲ್. ಆದರೆ ನಡತೆ ನೋಡಿದರೆ ಬಾಸಿಗೂ ಇದಕ್ಕೂ ದಾಯಾದಿ ಸಂಬಂಧ ಹುಡುಕಬಹುದು. ಎರಡೂ ಜೊಂಡಿನ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂತು, ತಲೆಮೇಲೆ ಈಜುವ ಕಪ್ಪೆಗೆ ಬಾಯಿ ಹಾಕುವ ಜಾತಿ. ಉಸಿರು ಬಿಗಿಹಿಡಿಯುವುದು ಕೊರಮೀನಿಗೆ ಬರೀ ಮಾತಲ್ಲ. ಅದು ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು, ಇಲ್ಲದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ದಾರದ ಪಾರ್ಸೆಲ್ಲುಗಳ ಬಿಲ್ಲು ಹಿಡಿದು ನಿಂತ ಹೆಂಡತಿಗೆ ಇಷ್ಟನ್ನೂ ವಿವರಿಸಿದೆ. ಅವಳು ಕೇಳಿದ್ದು ಒಂದೇ: “ಗಾಳಿ ಕುಡಿಯೋಕೆ ಮೇಲೆ ಬಂದಾಗ ಬುಟ್ಟಿ ಮುಚ್ಚಿದ್ರೆ ಆಗಲ್ವೇನ್ರೀ?”

ಇಂಥ ಪ್ರಶ್ನೆಗಳಿಗೆ ವಿಜ್ಞಾನವೇ ಉತ್ತರ. ಹಿತ್ತಲಲ್ಲಿ ಬಟ್ಟೆ ಒಣಗಿಸಲು ನೈಲಾನ್ ತಂಗೂಸು ಒಂದೆಡೆ, ಬ್ರೇಡು ಒಂದೆಡೆ ಕಟ್ಟಿ ತೋರಿಸಿದೆ. ನೈಲಾನು ಎಳೆದರೆ ಹಿಗ್ಗುತ್ತದೆ, ನೀರು ಹೀರಿದರೆ ಬಲವೂ ಕುಗ್ಗುತ್ತದೆ. ಒದ್ದೆ ಬೆಡ್‌ಶೀಟು ಹಾಕಿದೊಡನೆ ಅದು ವಿನಯದಿಂದ ಬಾಗಿ, ಬೆಡ್‌ಶೀಟಿನ ಅಂಚನ್ನು ಕೋಳಿ ಕೆದರಿದ ಮಣ್ಣಿಗೆ ಮುಟ್ಟಿಸಿತು. “ನೋಡಿದ್ಯಾ, ಈ ಹಿಗ್ಗೇ ಮೀನು ಒದರಿದಾಗ ಗಾಳ ಕಿತ್ತು ಹೋಗದಂತೆ ಕಾಯೋದು” ಎಂದೆ. ಬ್ರೇಡು ಒಂದಿಷ್ಟೂ ಹಿಗ್ಗಲಿಲ್ಲ. ಅದು ಪಾಲಿಎಥಿಲೀನಿನ ಕೂದಲೆಳೆಗಳ ಜಡೆ, ಅಷ್ಟು ಸಣ್ಣಗಿದ್ದೂ ಮೂವತ್ತು ಪೌಂಡು ತಡೆಯುತ್ತದೆ. ಮೂವತ್ತು ಪೌಂಡು ಅಂದರೆ ಹದಿಮೂರೂವರೆ ಕಿಲೋ, ಹೆಚ್ಚುಕಡಿಮೆ ಒಂದು ಸಿಲಿಂಡರಿನೊಳಗಿನ ಗ್ಯಾಸು. ಭಾರ ತಡೆದದ್ದು ನಿಜ, ಆದರೆ ಒಣಗಿದ ಸೀರೆಯನ್ನು ಅವಳು ಸರಕ್ಕನೆ ಎಳೆದಾಗ ಆ ಜಡೆ ಸೀರೆಯ ಅಂಚನ್ನು ಬ್ಲೇಡಿನ ಹಾಗೆ ಸೀಳಿತು. ಅಂದಿನಿಂದ ಪ್ರಯೋಗಗಳನ್ನು ನನ್ನ ಪಂಚೆಯ ಮೇಲೆ ಮಾತ್ರ ಮಾಡಬೇಕೆಂದು ಆಜ್ಞೆಯಾಗಿದೆ.

ಇನ್ನು ಲೀಡರು. ಬ್ರೇಡು ತಿಳಿನೀರಲ್ಲಿ ಎದ್ದು ಕಾಣುತ್ತದೆ, ಕಲ್ಲಿಗೆ ಉಜ್ಜಿದರೆ ಸವೆಯುತ್ತದೆ. ಆದ್ದರಿಂದ ಅದರ ತುದಿಗೆ, ಗಾಳಕ್ಕೆ ಮೊದಲು, ಬೇರೆ ದಾರದ ತುಂಡೊಂದನ್ನು ಸೇರಿಸುತ್ತಾರೆ. ಅದೇ ಲೀಡರು. ಫ್ಲೋರೋಕಾರ್ಬನ್ನಿನ ಹೆಗ್ಗಳಿಕೆ ಇಲ್ಲೇ. ಬೆಳಕು ನೀರಲ್ಲಿ ಬಾಗುವ ಲೆಕ್ಕ 1.33, ಫ್ಲೋರೋಕಾರ್ಬನ್ನಿನಲ್ಲಿ 1.42, ನೈಲಾನಿನಲ್ಲಿ 1.53ರ ಆಸುಪಾಸು. ನೀರಿಗೆ ಹತ್ತಿರವಿದ್ದಷ್ಟೂ ಕಣ್ಣಿಗೆ ಮರೆ. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇಂಥ ದಾರ ತಂದದ್ದೂ ಈ ಗುಣಕ್ಕಾಗಿಯೇ. ಗಾಜಿನ ಲೋಟದಲ್ಲಿ ನೀರು ತುಂಬಿ, ಎರಡೂ ದಾರ ಇಳಿಬಿಟ್ಟು, ಮನೆಮಂದಿಯನ್ನೆಲ್ಲ ಕರೆದೆ.

“ಎರಡೂ ಕಾಣ್ತಾವಲ್ರೀ.”

“ಒಂದು ಕಡಿಮೆ ಕಾಣುತ್ತೆ, ಸರಿಯಾಗಿ ನೋಡು.”

“ಮಳೆ ಬಿದ್ದಾಗಿಂದ ಕೆರೆ ನೀರು ಕೆಂಪಗೆ ಸಾರಿನ ಹಾಗಿದೆ. ಅದ್ರಲ್ಲಿ ಕೈ ಇಟ್ರೆ ಕೈಯೇ ಕಾಣಲ್ಲ. ಕಾಣದ ನೀರಲ್ಲಿ ಕಾಣದ ದಾರಕ್ಕೆ ಇಷ್ಟು ದುಡ್ಡಾ?”

ನಾನು ಲೋಟದ ನೀರು ಕುಡಿದು ಎದ್ದೆ.

ಅಮ್ಮನ ಕಡೆಯಿಂದಾದರೂ ಬೆಂಬಲ ಸಿಗಲಿ ಎಂದು ಇತಿಹಾಸಕ್ಕೆ ಕೈ ಹಾಕಿದೆ. ಮಂಗಳೂರಿನಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ದೊರೆ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂದು ಗಾಳದ ಮೇಲೆಯೇ ದಪ್ಪ ಪುಸ್ತಕ ಬರೆದ. ಸಾಲದೆಂದು 1887ರಲ್ಲಿ ನಮ್ಮ ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆ ಇನ್ನೊಂದು. ಕಲೆಕ್ಟರೇ ಬರೆದಿದ್ದಾನೆ ಎಂದರೆ ಅಮ್ಮನಿಗೆ ಗೌರವ ಹುಟ್ಟೀತು ಎಂದು ನನ್ನ ಎಣಿಕೆ. ನೈಲಾನು ಲೋಕಕ್ಕೆ ಪ್ರಕಟವಾದದ್ದೇ 1938ರಲ್ಲಿ. ಅದಕ್ಕೆ ಮೊದಲು ದೊರೆಗಳ ಲೀಡರು ರೇಷ್ಮೆಹುಳದ್ದು. ಗೂಡು ಕಟ್ಟಲು ಹೊರಟ ಹುಳವನ್ನು ವಿನೆಗರಿನಲ್ಲಿ ನೆನೆಹಾಕಿ, ಒಳಗಿನ ರೇಷ್ಮೆ ಗ್ರಂಥಿ ಹೊರಗೆಳೆದು, ಉದ್ದಕ್ಕೆ ಜಗ್ಗಿ ಒಣಗಿಸುತ್ತಿದ್ದರು. ಅಂಥ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಲೀಡರು. ಬಳಸುವ ಮೊದಲು ನೀರಲ್ಲಿ ನೆನೆಸಿ ಮೆತ್ತಗೆ ಮಾಡದಿದ್ದರೆ ಗಂಟಿನಲ್ಲೇ ಪಟ್ಟೆಂದು ಮುರಿಯುತ್ತಿತ್ತು.

ಧರ್ಮಪುರಿಯ ಮಾರುಕಟ್ಟೆಗೆ ಗೂಡು ಹಾಕಿ ನನ್ನನ್ನು ಓದಿಸಿದವಳು ನನ್ನಮ್ಮ. ಎಲ್ಲವನ್ನೂ ಕೇಳಿ, “ಗೂಡು ಕಟ್ಟೋ ಹುಳನ ಅದಕ್ಕೆ ಮುಂಚೆನೇ ಕೊಂದು ಮೀನು ಹಿಡಿಯೋನು ಕಲೆಕ್ಟರ್ ಹೆಂಗಾದ?” ಎಂದು ಎಲೆಯಡಿಕೆ ಬಾಯಿಗಿಟ್ಟಳು. ಇತಿಹಾಸ ಅಲ್ಲಿಗೆ ಮುಗಿಯಿತು.

ಲೀಡರಿನ ಉದ್ದದ ವಿಚಾರದಲ್ಲಿ ಅಮೆರಿಕದವರಲ್ಲೇ ಒಮ್ಮತವಿಲ್ಲ. ಒಬ್ಬ ಎರಡಡಿ ಸಾಕೆನ್ನುತ್ತಾನೆ, ಇನ್ನೊಬ್ಬ ಹತ್ತಡಿಗಿಂತ ಕಡಿಮೆ ಕಟ್ಟುವವನನ್ನು ಮನುಷ್ಯನೆಂದೇ ಎಣಿಸುವುದಿಲ್ಲ. ನಾನು ಮಧ್ಯಮ ಮಾರ್ಗ ಹಿಡಿದು ಒಂದು ಮಾರು ಎಂದು ತೀರ್ಮಾನಿಸಿದೆ. ಎರಡೂ ಕೈ ಚಾಚಿ ಅಳೆಯುವಾಗ ಗೋಡೆಯ ಕ್ಯಾಲೆಂಡರು ಉದುರಿತು. ಭಾಮೈದನ ತೋಟದ ಹೊಂಡದಲ್ಲಿ, ಅವನ ಕಣ್ಣೆದುರಲ್ಲೇ, ರಬ್ಬರ್ ಕಪ್ಪೆಯನ್ನು ಬೀಸಿದೆ. ಕೋಲಿಗಿಂತ ಉದ್ದ ಲೀಡರಿದ್ದರೆ ಗಂಟು ಕೋಲಿನ ಬಳೆಗಳೊಳಗೆ ನುಗ್ಗಿ ರೀಲಿನಲ್ಲಿ ಕೂರುತ್ತದೆ. ಬೀಸುವಾಗ ಅಲ್ಲಿಂದ ಟಕ್ಕೆಂದು ತಡೆದು ಹೊರಡುತ್ತದೆ. ನನ್ನ ಗಂಟಂತೂ ತೊಗರಿಬೇಳೆಯ ಗಾತ್ರದ್ದು, ತಡೆಯಿತು, ಹೊರಡಲೇ ಇಲ್ಲ. ಕಪ್ಪೆಯೊಂದೇ ದಾರದ ನಂಟು ಕಳಚಿಕೊಂಡು ಜಾಲಿಮರದ ತುದಿ ಸೇರಿತು.

“ಭಾವ, ಮೀನು ಕೆಳಗಿರೋದು” ಎಂದ ಭಾಮೈದ. ಅವನಿಗೆ ಅಕ್ಕನ ಬಾಯಿ.

ಗಂಟಿನ ಕಥೆ ಬೇರೆಯೇ ಇದೆ. ಬ್ರೇಡಿಗೂ ಲೀಡರಿಗೂ ಎಫ್‌ಜಿ ಎಂಬ ಗಂಟು ಶ್ರೇಷ್ಠ. ಬ್ರೇಡನ್ನು ಬಿಗಿಯಾಗಿ ಎಳೆದಿಟ್ಟು, ಲೀಡರನ್ನು ಅದರ ಮೇಲೊಮ್ಮೆ ಕೆಳಗೊಮ್ಮೆ ಹಾಯಿಸುತ್ತಾ ಇಪ್ಪತ್ತು ಸುತ್ತು ಜಡೆ ಹಾಕಬೇಕು. ಎಲ್ಲಾದರೂ ಸಡಿಲ ಬಿಟ್ಟರೆ ಹೋಯಿತು. ನಾನು ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಅಡುಗೆಮನೆಯ ದಾರಿಗೆ ಅಡ್ಡ ನಿಂತಿದ್ದೆ. ದಾರದ ಕೆಳಗೆ ಬಗ್ಗಿ ಬಗ್ಗಿ ಓಡಾಡಿ ಸಾಕಾದ ಹೆಂಡತಿ ಬಂದು ಕಸಿದುಕೊಂಡಳು. ನೆಲದ ಮೇಲೆ ಕಾಲು ಚಾಚಿ ಕೂತಳು. ಬ್ರೇಡಿನ ತುದಿಯನ್ನು ಹೆಬ್ಬೆರಳಿಗೆ ಸುತ್ತಿದಳು, ಹೆಬ್ಬೆರಳು ಸ್ವಲ್ಪ ಹಿಂದಕ್ಕೆ ಬಾಗಿತು, ದಾರ ತಂತಿಯಾಯಿತು. ವೀಡಿಯೋದವನು ಹೇಳುತ್ತಾ ಹೋದ, ಅವಳ ಬೆರಳು ಅವನಿಗಿಂತ ಮುಂದೆ ಹೋಯಿತು. ಪ್ರತಿ ಶುಕ್ರವಾರ ಗುಡಿಗೆ ಮಲ್ಲಿಗೆ ಕಟ್ಟುವ ಕೈ ಅದು. ಎಳೆದು ನೋಡಿದೆ, ಗಂಟು ಉಗುರಿಗೂ ಸಿಗದಷ್ಟು ನುಣ್ಣಗಿತ್ತು.

ಆಮೇಲೆ ಉದ್ದವನ್ನೂ ಅವಳೇ ತೀರ್ಮಾನಿಸಿದಳು. ಕೋಲಿನ ತುದಿಯಿಂದ ಇಳಿಬಿದ್ದ ಗಾಳದವರೆಗೆ ಮೊಳ ಹಾಕಿ, “ಎರಡು ಮೊಳ ಸಾಕು, ಗಂಟು ಕೋಲೊಳಗೆ ಬರಲ್ಲ” ಎಂದಳು. ಅದು ಹೂ ಮಾರುವವಳ ಮೊಳವಲ್ಲ, ಕೊಳ್ಳುವವಳ ಮೊಳ, ತುಸು ಧಾರಾಳ. ಬೇಸಿಗೆಯಲ್ಲಿ ನೀರು ತಿಳಿಯಾದರೆ ಒಂದು ಮಾರು ಕೊಡುತ್ತಾಳಂತೆ. ಜೊಂಡಿನ ಮೇಲೆ ಕಪ್ಪೆ ಎಳೆಯುವಾಗ ಲೀಡರೇ ಬೇಡ: ಗಂಟು ಕಳೆಗೆ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಫ್ಲೋರೋಕಾರ್ಬನ್ನು ನೀರಿಗಿಂತ ಮುಕ್ಕಾಲುಪಾಲು ಹೆಚ್ಚು ಭಾರ, ಮುಳುಗುತ್ತಾ ಕಪ್ಪೆಯ ಮೂತಿಯನ್ನು ಒಳಗೆಳೆಯುತ್ತದೆ. ಬ್ರೇಡು ತೇಲುತ್ತದೆ, ಅದನ್ನೇ ನೇರ ಕಟ್ಟಬೇಕು. ಎರೆಹುಳು ಹಾಕಿ ಜಿಲೇಬಿ ಮೀನಿಗೆ ಕೂರುವುದಾದರೆ ಬರೀ ತಂಗೂಸು. ಈ ಕಡೆಯದೆರಡು ನಾನು ಹೇಳಿದ್ದು. ಮನೆಯಲ್ಲಿ ಈಗ ಅವಳ ಮಾತೆಂದೇ ಚಲಾವಣೆಯಲ್ಲಿವೆ. ಕೆಂಪು ಮರಿಗಳ ಗುಂಪಿನ ಹಿಂದೆ ಕಾವಲಿರುವ ಕೊರಮೀನಿಗೆ ಗಾಳ ಹಾಕಕೂಡದೆಂಬುದು ಮಾತ್ರ ಅವಳದೇ ಕಾನೂನು. ತಂದೆತಾಯಿ ಸಿಕ್ಕಿಬಿದ್ದರೆ ಮರಿಗಳು ಬೇರೆ ಮೀನಿನ ಬಾಯಿಗೆ ಹೋಗುತ್ತವೆ, ಹಾಗಾಗಿ ನಾನೂ ಒಪ್ಪಿದೆ. ಒಪ್ಪದಿದ್ದರೂ ಏನೂ ವ್ಯತ್ಯಾಸವಿರಲಿಲ್ಲ, ನನ್ನ ಗಾಳಕ್ಕೆ ಅದು ಬೀಳುತ್ತಿರಲಿಲ್ಲ.

ಭಾಮೈದನೂ ಅವನ ಗೆಳೆಯರೂ ಈಗ ಗಂಟು ಹಾಕಿಸಿಕೊಳ್ಳಲು ನಮ್ಮನೆಗೇ ಬರುತ್ತಾರೆ. ಕೂಲಿಯೆಂದು ಬಿದ್ದ ಮೀನಿನಲ್ಲಿ ಒಂದು ಪಾಲು ತಲುಪುತ್ತದೆ, ಸಂತೆಯ ಖರ್ಚು ಸ್ವಲ್ಪ ಇಳಿದಿದೆ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಬನ್ನಿ, ಬ್ರೇಡು ನಿಮ್ಮದೇ ತನ್ನಿ. ಶುಕ್ರವಾರ ಬೇಡ, ಅವತ್ತು ಮಲ್ಲಿಗೆ ಇರುತ್ತದೆ. ಲೀಡರು ಎಷ್ಟುದ್ದ ಎಂದು ನನ್ನನ್ನು ಕೇಳಬೇಡಿ, ಒಳಗೆ ಕೇಳಿ.