ಡಬ್ಬಿಯೊಳಗಿನ ಮಡಿಚಿದ ಕಾಗದ

ರಾಯಚೂರಿನ ತೀನ್ ಕಂದೀಲಿನ ಅಂಗಡಿಯಿರಲಿ, ಮಾನ್ವಿಯ ರೈಸ್ ಮಿಲ್ಲಿರಲಿ, ಸಿಸಿ ಕ್ಯಾಮೆರಾದ ಡಬ್ಬಿ ಒಡೆದ ಕೂಡಲೇ ಮೊದಲು ಕಸಕ್ಕೆ ಹೋಗುವುದು ಮ್ಯಾನ್ಯುಯಲ್. "ಅದನ್ಯಾಕ ಓದ್ತೀರ್ರಿ ಸಾವ್ಕಾರ್ರ, ನಾ ಅದೀನಲ್ಲ" ಅನ್ನುತ್ತಾನೆ ಹಚ್ಚಲು ಬಂದ ಹುಡುಗ. ಸಾವ್ಕಾರರಿಗೂ ಅಷ್ಟೇ ಬೇಕು. ಆ ಅಕ್ಷರ ಓದಲು ಇರುವೆಗೂ ಚಷ್ಮಾ ಬೇಕಾದೀತು!

ಹುಡುಗ ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ ಹಚ್ಚಿ, ಮೊಬೈಲಿನಲ್ಲಿ ಚಿತ್ರ ತೋರಿಸಿ, ರೊಕ್ಕ ಎಣಿಸಿಕೊಂಡು ದೇವದುರ್ಗದ ಬಸ್ ಹತ್ತುತ್ತಾನೆ. ಪಾಸ್‌ವರ್ಡ್ ಮಾತ್ರ ಕಂಪನಿಯದೇ: 12345. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗುಬಿಟ್ಟಂತೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹೊಕ್ಕಿದ್ದು ಇಂಥ ಬಾಗಿಲುಗಳಿಂದಲೇ. ಕಂಪನಿಗಳು ಇಟ್ಟ ಅರವತ್ತರಷ್ಟು ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತು. ಅಕ್ಟೋಬರ್ 21ರಂದು ಅವೆಲ್ಲ ಒಟ್ಟಾಗಿ ಮಾಡಿದ ದಾಳಿಗೆ ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಕೂಡ ಮುಗ್ಗರಿಸಿದವು. ಕಳ್ಳನನ್ನು ಹಿಡಿಯಬೇಕಾದ ಕ್ಯಾಮೆರಾ ತಾನೇ ಕಳ್ಳರ ದಂಡು ಸೇರಿತ್ತು.

ವೇಳೆಯದು ಇನ್ನೊಂದು ತಮಾಷೆ. ಚೀನಾದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಕ್ಯಾಮೆರಾದಲ್ಲಿ ಅಲ್ಲಿನ ವೇಳೆಯೇ ಇದ್ದು, ಅದನ್ನು ತಿದ್ದದಿದ್ದರೆ ನಡುರಾತ್ರಿ ಎರಡಕ್ಕೆ ಬಂದ ಕಳ್ಳ, ಪೊಲೀಸರ ಮುಂದೆ ನಸುಕಿನ ನಾಲ್ಕೂವರೆಗೆ ಬಂದವನಾಗುತ್ತಾನೆ. ಡಿಸ್ಕ್ ತುಂಬಿದರೆ ಹಳೆಯ ಚಿತ್ರ ಅಳಿಸಿ ಹೊಸದು ಕೂರುತ್ತದೆ; ಅದೂ ಆ ಕಾಗದದಲ್ಲೇ ಇರುತ್ತದೆ.

ಇಡೀ ಪುಸ್ತಕ ಯಾರೂ ಓದಬೇಕಿಲ್ಲ ಬಿಡಿ. ಪಾಸ್‌ವರ್ಡ್, ವೇಳೆ, ರೆಕಾರ್ಡಿಂಗ್ ಇರುವ ಪುಟಗಳನ್ನಷ್ಟೇ, ಹುಡುಗ ಚಹಾ ಕುಡಿದು ಮುಗಿಸುವುದರೊಳಗೆ, ಅವನ ಕೈಯಲ್ಲೇ ಓದಿಸಿ.