ಖಾಲಿ ಡಬ್ಬಿ ಹೆಂಗ ಕೊಡೂದರೀ

ಕೂಸು ನೋಡಲು ಹೋಗುವವರ ಕೈಯಲ್ಲಿ ಏನಿರಬೇಕು ಅನ್ನುವುದು ನಮ್ಮಲ್ಲಿ ಎಂದೋ ತೀರ್ಮಾನವಾಗಿಹೋಗಿದೆ. ಮೂರು ವರ್ಷ ತುಂಬಿದ ಮೇಲೆ ಸರಿಹೋಗುವಂಥ ಒಂದು ಫ್ರಾಕು, ಇಲ್ಲವೇ ಮಗುವಿನ ಪುಟ್ಟ ಮುಷ್ಟಿಯೊಳಗೆ ತುರುಕಿ, ಅದು ಹಿಡಿದುಕೊಂಡರೆ "ನೋಡಿ, ಈಗಲೇ ದುಡ್ಡು ಗೊತ್ತಾಗುತ್ತೆ" ಎನ್ನಲು ಒಂದು ಗರಿಗರಿ ನೋಟು. ಬಾಣಂತಿಯ ಹೊಟ್ಟೆಯ ವಿಚಾರ ಬಂದವರದ್ದಲ್ಲ, ಅದನ್ನು ನೋಡಿಕೊಳ್ಳಲು ಅವಳ ಅಮ್ಮ ಇರುತ್ತಾಳೆ. ಇಷ್ಟು ಚೆಂದವಾಗಿ ನಡೆದುಕೊಂಡು ಬಂದ ಏರ್ಪಾಡಿನಲ್ಲಿ ಕೈಯಾಡಿಸುವ ದುರ್ಬುದ್ಧಿ ನನಗೆ ಬಂದದ್ದು ನ್ಯೂಜೆರ್ಸಿಯ ಕಡೆಯಿಂದ.

ಅಲ್ಲಿ ನನ್ನ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಅಕ್ಕನ ವೀಸಾ ಕೈಗೆ ಬರುವ ಹೊತ್ತಿಗೆ ಮಗು ಬೋರಲು ಬೀಳುವುದನ್ನು ಕಲಿತಿತ್ತು. ಅಲ್ಲಿಯ ಕನ್ನಡದ ಗೆಳತಿಯರು ಒಂದು ಪಟ್ಟಿ ಮಾಡಿಕೊಂಡು, ದಿನಕ್ಕೊಂದು ಮನೆಯವರು ಅನ್ನ ಸಾರು ಪಲ್ಯ ಮಾಡಿ ತಂದಿಟ್ಟರಂತೆ. ಬೆಲ್ ಒತ್ತುವಂತಿಲ್ಲ, ಒಳಗೆ ಬಂದು ಕೂರುವಂತಿಲ್ಲ, ಮಗು ಯಾರ ಹಾಗಿದೆ ಎಂದು ತೀರ್ಪು ಕೊಡುವಂತಿಲ್ಲ. ಬಾಗಿಲ ಬಳಿ ಡಬ್ಬಿ ಇಟ್ಟು, ಮೆಸೇಜು ಹಾಕಿ, ಹೊರಟುಹೋಗುವುದು. "ಮಾಮ, ಆ ತಿಳಿಸಾರು ನೆನೆಸಿಕೊಂಡರೆ ಈಗಲೂ ಕಣ್ಣಲ್ಲಿ ನೀರು ಬರುತ್ತೆ" ಎಂದಳು. ನನಗೂ ಬಂತು. ಅದೇ ವಾರ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಎರಡನೇ ಮಹಡಿಗೆ ಹೆಣ್ಣುಮಗುವೊಂದು ಆಸ್ಪತ್ರೆಯಿಂದ ಬಂದಿಳಿಯಿತು.

"ಬಾಣಂತಿ ಅಡುಗೆ ನಾನೇ ಮಾಡಿ ಕೊಡ್ತೀನಿ" ಎಂದು ಮನೆಯಲ್ಲಿ ಘೋಷಿಸಿದೆ.

"ರೀ, ನಮ್ಮನೇಲಿ ಜೀರಿಗೆ ಡಬ್ಬ ಯಾವುದು ಅಂತ ತೋರಿಸಿ ನೋಡೋಣ" ಎಂದಳು ನನ್ನ ಹೆಂಡತಿ. ತೋರಿಸಿದೆ. ಅದು ಸೋಂಪು. ಅವಳು ಅಲ್ಲಿಂದ ಮುಂದೆ ಈ ವಿಷಯದಲ್ಲಿ ತಾನು ಪ್ರೇಕ್ಷಕಳು ಮಾತ್ರ ಎಂದು ಹೇಳಿ ಸೋಫಾದ ಮೇಲೆ ಕಾಲು ಮಡಚಿ ಕೂತಳು.

ನಂಜನಗೂಡಿನ ಸೋದರತ್ತೆಗೆ ಫೋನ್ ಮಾಡಿದೆ. ನಮ್ಮ ವಂಶದ ಅಷ್ಟೂ ಬಾಣಂತನಗಳನ್ನು ದಾಟಿಸಿದ ಹೆಂಗಸು. ಮೆಣಸಿನ ಸಾರು ಹೇಗೆ ಎಂದು ಕೇಳಿದರೆ ಅವರೇ ತನಿಖೆ ಶುರುಮಾಡಿದರು. "ಪುರುಡು ಕಳೀತೇನೋ? ನಾರ್ಮಲ್ಲೋ ಸಿಜೇರಿಯನ್ನೋ? ಎಷ್ಟನೇ ದಿನ? ಹಾಲು ಸರಿಯಾಗಿ ಬರ್ತಿದ್ಯಂತಾ?" ಐವತ್ತೆಂಟರ ಗಂಡಸು ಎರಡನೇ ಮಹಡಿಗೆ ಹೋಗಿ ಈ ಕೊನೆಯ ಪ್ರಶ್ನೆ ಕೇಳಿ ಬರುವುದು ಹೇಗೆ ಎಂದು ಅವರು ಯೋಚಿಸಲಿಲ್ಲ. ಕೊನೆಗೆ ಕರುಣೆ ಬಂದು ಹೇಳಿದರು: "ಮೆಣಸು ಜೀರಿಗೆ ತುಪ್ಪದಲ್ಲಿ ಹುರ್ಕೊ, ಪುಡಿ ಮಾಡು, ಬೇಳೆ ಕಟ್ಟಿಗೆ ಹಾಕು, ಬೆಳ್ಳುಳ್ಳಿ ಜಜ್ಜಿ ಕೆಂಪಗೆ ಒಗ್ಗರಣೆ ಕೊಡು."

"ಮೆಣಸು ಎಷ್ಟು ಅತ್ತೆ?"

"ಎಷ್ಟು ಬೇಕೋ ಅಷ್ಟು."

"ಹುಣಸೆಹಣ್ಣು?"

ಅಷ್ಟರಲ್ಲಿ ಲೈನು ಕಟ್ಟಾಯಿತು. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ನಿಂಬೆಗಾತ್ರದ ಹುಣಸೆಹಣ್ಣು ನೆನೆಹಾಕಿದೆ.

ಮೆಣಸನ್ನು ಹುರಿಯುವಾಗ ಕಿಟಕಿ ತೆರೆದಿರಬೇಕು ಎಂದು ಯಾರೂ ಹೇಳಿರಲಿಲ್ಲ. ಮೊದಲು ನಾನು ಸೀನಿದೆ. ಆಮೇಲೆ ಪ್ರೇಕ್ಷಕಳು. ಆಮೇಲೆ ಎದುರು ಮನೆಯವರು, ಅವರ ನಾಯಿ. ಲಿಫ್ಟಿನಲ್ಲಿ ಹಾದುಹೋದ ಕೊರಿಯರ್ ಹುಡುಗ ಮೂರನೇ ಮಹಡಿಯಿಂದ ನೆಲಮಹಡಿಯವರೆಗೆ ಸೀನುತ್ತಲೇ ಇಳಿದದ್ದು ಕೇಳಿಸಿತು. ಕಣ್ಣು ಒರೆಸಿಕೊಳ್ಳುತ್ತ ಸಾರನ್ನು ಸ್ಟೀಲ್ ಡಬ್ಬಿಗೆ ಬಗ್ಗಿಸಿಕೊಂಡು ಎರಡನೇ ಮಹಡಿಗೆ ಹೋದೆ. ನ್ಯೂಜೆರ್ಸಿಯ ಮುಖ್ಯ ನಿಯಮ ಅಲ್ಲಿಯೇ ಮರೆತುಹೋಯಿತು. ಬೆಲ್ ಒತ್ತಿದೆ. ಆ ಬೆಲ್ಲು ಮೂರು ಸಾಲು ಗಾಯತ್ರಿ ಮಂತ್ರ ಹೇಳಿ ನಿಲ್ಲುವ ಜಾತಿಯದು. ಎರಡನೆಯ ಸಾಲಿಗೆ ಮಗು ಎದ್ದಿತು. ರಾತ್ರಿಯಿಡೀ ಅತ್ತು ಆಗತಾನೇ ಮಲಗಿದ್ದ ಮಗುವಂತೆ.

ಬಾಗಿಲು ತೆರೆದದ್ದು ಒಬ್ಬರಲ್ಲ, ಇಬ್ಬರು. ಹುಡುಗಿ ಧಾರವಾಡದವಳು, ಹುಡುಗ ಪುತ್ತೂರಿನವನು. ಬಾಣಂತನಕ್ಕೆಂದು ಅವಳ ತಾಯಿಯೂ ಬಂದಿದ್ದರು, ಮೊಮ್ಮಗಳನ್ನು ನೋಡಲೆಂದು ಅವನ ತಾಯಿಯೂ ಬಂದು ಉಳಿದಿದ್ದರು. ಇಬ್ಬರ ತೋಳಿನ ಮೇಲೂ ಹಾಲು ಕಕ್ಕಿದ ಟವೆಲ್ಲು. ಧಾರವಾಡದ ತಾಯಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

"ಅಣ್ಣಾರ, ಇದಕ್ಕ ಹುಣಸಿಹಣ್ಣ ಹಾಕೀರೇನು?"

ಪುತ್ತೂರಿನ ತಾಯಿ ಬಗ್ಗಿ ನೋಡಿದರು. "ಬಾಣಂತಿಗೆ ಹುಳಿ ಕೊಡ್ಲಿಕ್ಕುಂಟಾ ಮಾರಾಯ್ರೇ!"

ನನಗೆ ಆಮೇಲೆ ತಿಳಿದದ್ದು ಏನೆಂದರೆ, ಅಷ್ಟು ದಿನಗಳಲ್ಲಿ ಆ ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು. ಅಲ್ಲಿಯವರೆಗೆ ಆ ಅಡುಗೆಮನೆಯಲ್ಲಿ ಕರ್ನಾಟಕದ ಏಕೀಕರಣ ಇನ್ನೂ ಆಗಿರಲಿಲ್ಲ. ಒಂದು ಒಲೆಯ ಮೇಲೆ ಧಾರವಾಡದ ಅಳ್ವಿ ಪಾಯಸ, ತುಪ್ಪ ತೇಲುವ ಗೋಧಿ ಸಜ್ಜಕ. ಪಕ್ಕದ ಒಲೆಯ ಮೇಲೆ ಪುತ್ತೂರಿನ ಮೆಂತೆ ಗಂಜಿ, ತೆಂಗಿನ ಹಾಲು, ಬೆಲ್ಲ, ಒಳ್ಳೆಮೆಣಸಿನ ಕಷಾಯ. ಎರಡರ ನಡುವೆ ಒಂದು ತಟ್ಟೆ ಹಿಡಿದುಕೊಂಡು, ಮೊದಲು ಯಾವುದನ್ನು ತಿಂದರೆ ಯಾರಿಗೆ ಬೇಸರವಾದೀತು ಎಂದು ಲೆಕ್ಕಹಾಕುವ ಬಾಣಂತಿ. ನಾನು ಹೊತ್ತು ತಂದದ್ದು ಮೂರನೆಯ ಪ್ರಾಂತ್ಯ.

ಸಾರನ್ನು ಬಾಣಂತಿಗೆ ಕೊಡಲಿಲ್ಲ. ಶೀತವಾಗಿ ಮೂಗು ಕಟ್ಟಿಕೊಂಡಿದ್ದ ಅವಳ ಗಂಡನಿಗೆ ಕೊಟ್ಟರು. ಮರುದಿನ ಪಾರ್ಕಿಂಗಿನಲ್ಲಿ ಸಿಕ್ಕು, "ಅಂಕಲ್, ನಿಮ್ಮ ಸಾರು ಕುಡಿದ ಮೇಲೆ ನನಗೆ ಈಗ ಎಲ್ಲದರ ವಾಸನೆಯೂ ಬರ್ತದೆ" ಎಂದ. ಹೊಗಳಿಕೆಯೆಂದೇ ತೆಗೆದುಕೊಂಡೆ.

ಸಂಜೆ ಧಾರವಾಡದ ತಾಯಿ ಡಬ್ಬಿ ವಾಪಸು ತಂದರು. ಭಾರವಾಗಿತ್ತು. "ಖಾಲಿ ಡಬ್ಬಿ ಹೆಂಗ ಕೊಡೂದರೀ" ಎಂದರು. ಒಳಗೆ ಅಂಟಿನ ಉಂಡೆ. ಈ ಉಂಡೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ತುಪ್ಪಕ್ಕೆ ಬಿದ್ದ ಅಂಟು ಮಲ್ಲಿಗೆ ಮೊಗ್ಗಿನ ಹಾಗೆ ಅರಳಿರುತ್ತದೆ. ಅದಕ್ಕೆ ಹುರಿದ ಒಣಕೊಬ್ಬರಿ, ಬೀಜ ತೆಗೆದು ಕುಟ್ಟಿದ ಉತ್ತತ್ತಿ, ಗಸಗಸೆ, ಬಾದಾಮಿ, ಜಾಜಿಕಾಯಿ, ಎಲ್ಲವನ್ನೂ ಹಿಡಿದು ನಿಲ್ಲಿಸಲು ಬೆಲ್ಲದ ಪಾಕ. ಕಚ್ಚಿದರೆ ಮೊದಲು ಕೊಬ್ಬರಿ ಸಿಗುತ್ತದೆ, ಆಮೇಲೆ ಅಂಟು ಕಟುಂ ಎನ್ನುತ್ತದೆ, ಕೊನೆಗೆ ಬೆರಳಿನಲ್ಲಿ ತುಪ್ಪ ಉಳಿಯುತ್ತದೆ. ಹೆತ್ತವಳ ಸೊಂಟಕ್ಕೆ ಬಲ ಬರಲಿ ಎಂದು ಬೆಳಿಗ್ಗೆಗೊಂದು ಕೊಡುವುದು ವಾಡಿಕೆ. ನನ್ನ ಸೊಂಟಕ್ಕೆ ಯಾವ ತೊಂದರೆಯೂ ಇರಲಿಲ್ಲ. ನಿಂತಲ್ಲೇ ಮೂರು ತಿಂದೆ.

ಎರಡನೆಯ ದಂಡಯಾತ್ರೆ ಸಬ್ಬಸಿಗೆ ಸೊಪ್ಪಿನದು. ಹಾಲು ಹೆಚ್ಚುತ್ತದೆ ಎಂದು ನಮ್ಮ ಕಡೆ ಬಾಣಂತಿಗೆ ಸಬ್ಬಸಿಗೆ ತಪ್ಪಿಸುವುದಿಲ್ಲ. ಗಾಂಧಿಬಜಾರಿನಲ್ಲಿ ನಾಲ್ಕು ಕಟ್ಟು ಕೊಂಡಾಗ ಸೊಪ್ಪಿನಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊಮ್ಮಗೂನಾ ಸಾಮಿ?" ಎಂದಳು. ಪರರ ಮನೆಯ ಬಾಣಂತಿಗೆ ಎಂದು ವಿವರಿಸುವುದು ಹೇಗೆ? ಹೌದೆಂದೆ. ಅವಳು ಖುಷಿಯಾಗಿ ಮತ್ತೊಂದು ಕಟ್ಟು ಸೇರಿಸಿ, ಬೆಳ್ಳುಳ್ಳಿ ಜಾಸ್ತಿ ಹಾಕಿ, ಕಾಯಿ ಕಮ್ಮಿ ಹಾಕಿ ಎಂದು ಹೇಳಿಯೂ ಕೊಟ್ಟಳು. ಮನೆಗೆ ಬಂದು ಒಂದು ವಿಡಿಯೋ ನೋಡಿದೆ. ಅದರಲ್ಲಿದ್ದ ಚೆಂದದ ಹುಡುಗಿ ಕಡಲೆಬೇಳೆ ನೆನೆಸಿ ಹಾಕಿದಳು, ನಾನೂ ಹಾಕಿದೆ.

ಈ ಸಲ ಬೆಲ್ ಒತ್ತಲಿಲ್ಲ. ಬಾಗಿಲು ಮೆಲ್ಲಗೆ ತಟ್ಟಿದೆ. ಸೊಪ್ಪಿನ ಹಸಿರಿನ ನಡುವೆ ಹಳದಿ ಬೇಳೆ ಕಂಡದ್ದೇ ತಡ, ಇಬ್ಬರು ತಾಯಂದಿರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಕಡ್ಲಿಬ್ಯಾಳಿ!"

"ವಾಯು! ಮಗುವಿನ ಹೊಟ್ಟೆ ಉಬ್ಬರಿಸ್ತದೆ!"

ಒಳಗಿನಿಂದ ಬಾಣಂತಿಯ ದನಿ ಕೇಳಿಸಿತು. "ಅವ್ವಾ, ಎಲ್ಲಾನೂ ತಿನ್ನಬಹುದು, ನೀರು ಚೊಲೋ ಕುಡೀರಿ ಅಂತ ಡಾಕ್ಟರು ಹೇಳ್ಯಾರ. ಆ ಪಲ್ಯ ಒಳಗ ಕೊಡ."

"ಡಾಕ್ಟರಿಗೇನ ಗೊತ್ತೈತಿ!"

"ಆ ಡಾಕ್ಟ್ರಿಗೆ ಎಂತ ಗೊತ್ತುಂಟು!"

ಏಕೀಕರಣ ಪೂರ್ತಿಯಾಯಿತು. ಡಾಕ್ಟರು ಹೇಳಿದ್ದೇ ಸರಿ ಎಂದು ನನಗೆ ಗೊತ್ತು. ಹಾಲೂಡಿಸುವ ತಾಯಿಗೆ ನೀರು ಕಡಿಮೆ ಕೊಡುವ ಹಳೆಯ ಪದ್ಧತಿಗಂತೂ ಯಾವ ಸಮರ್ಥನೆಯೂ ಇಲ್ಲ. ಆದರೆ ಟವೆಲ್ಲು ಹೊದ್ದ ಇಬ್ಬರು ಅಜ್ಜಿಯರ ಮುಂದೆ ಇದನ್ನು ಹೇಳುವ ಧೈರ್ಯ ವೈದ್ಯಶಾಸ್ತ್ರಕ್ಕೇ ಇಲ್ಲದಿರುವಾಗ ನನಗೆಲ್ಲಿಂದ ಬರಬೇಕು? ಆ ಡಬ್ಬಿಯೂ ಗಂಡನ ಪಾಲಾಯಿತು. ವಾಪಸು ಬರುವಾಗ ಅದರ ತುಂಬ ಮೆಂತೆ ಗಂಜಿ. ಧಾರವಾಡದವರು ಉಂಡೆ ಕಳಿಸಿದ್ದು ಪುತ್ತೂರಿನವರಿಗೆ ಗೊತ್ತಾಗಿತ್ತು. ಅವರು ಬಿಟ್ಟುಕೊಡುವವರಲ್ಲ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನನ್ನಂಥವರು ಸೋತಾಗ ಮಾಡುವುದು ಒಂದೇ ಕೆಲಸ, ಸಮಿತಿ ರಚಿಸುವುದು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಹಾಕಿ, ಯಾರು ಯಾವ ದಿನ ಏನು ಮಾಡುತ್ತೀರಿ ಬರೆಯಿರಿ ಎಂದೆ. ಸೋಮವಾರ ಮೆಣಸಿನ ಸಾರು. ಮಂಗಳವಾರ ಮೆಣಸಿನ ಸಾರು. ಬುಧವಾರ ಪೆಪ್ಪರ್ ರಸಂ. ಗುರುವಾರ ಯಾರೋ ಹುಟ್ಟುಹಬ್ಬದ ಶುಭಾಶಯ ಹಾಕಿದ್ದರು. ಕೇರಳದ ನರ್ಸಮ್ಮ ಉಲುವಾ ಕಂಜಿ ಮಾಡಿ ತಂದರು, ಅದು ಪುತ್ತೂರಿನವರ ಮೆಂತೆ ಗಂಜಿಯ ದಾಯಾದಿ. ಲಖನೌದ ಮನೆಯವರು ತಂದ ಗೋಂದ್ ಲಡ್ಡು ನೋಡಿ ಧಾರವಾಡದವರು, "ಇದು ನಮ್ಮದಾ ಅಲ್ರೀ, ಉತ್ತತ್ತಿ ಹಾಕೂದು ಮರತಾರ" ಎಂದರು. ದೊಡ್ಡ ಗದ್ದಲವಾದದ್ದು ನಾಲ್ಕನೇ ಮಹಡಿಯ ತಮಿಳು ಪಾಟಿ ಬಂದಾಗ. ಅವರು ತಂದದ್ದು ಪೂಂಡು ಕುೞಂಬು, ಎಂದರೆ ಬೆಳ್ಳುಳ್ಳಿಯ ಹುಳಿ. ಅದರಲ್ಲಿ ಬೇಕಾದಷ್ಟು ಹುಣಸೆಹಣ್ಣು. ತಮ್ಮ ಊರಿನಲ್ಲಿ ಹೆತ್ತವಳಿಗೆ ಕೊಡುವುದೇ ಇದನ್ನು ಎಂದು ಪಾಟಿ ಪಟ್ಟು ಹಿಡಿದರು. ಕಾವೇರಿಯ ಇತ್ತಕಡೆ ವಿಷವಾದದ್ದು ಅತ್ತಕಡೆ ಔಷಧವಾಗುವುದು ಹೇಗೆ ಎಂದು ಕೇಳಬೇಕೆನಿಸಿತು. ಕಾವೇರಿಯ ಹೆಸರೆತ್ತಿದರೆ ಮಾತು ಎಲ್ಲಿಗೆ ಹೋದೀತು ಎಂದು ಹೆದರಿ ಸುಮ್ಮನಾದೆ.

ಸರ್ಕಾರವೇ ನನಗಿಂತ ವಾಸಿ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಯಾರ ಊರಿನ ಪಥ್ಯ ಎಂಬ ಪ್ರಶ್ನೆಯೇ ಇಲ್ಲ. ಹಸಿ ಬಾಣಂತಿ ಹೊಸ್ತಿಲು ದಾಟಿ ಅಂಗನವಾಡಿಗೆ ಬರುವುದು ಹೇಗೆ ಎಂಬ ತಕರಾರು ಅದಕ್ಕೂ ಬಂತು ಅನ್ನಿ. ಅಜ್ಜಿಯರು ಎಲ್ಲ ಕಡೆಯೂ ಇರುತ್ತಾರೆ.

ಎರಡನೇ ಮಹಡಿಯ ಫ್ರಿಜ್ಜು ತುಂಬಿ, ಬಾಗಿಲು ಮುಚ್ಚದಾಯಿತು. ಹೆಚ್ಚಾದದ್ದೆಲ್ಲ ಹರಿದು ಬಂದದ್ದು ಸಮಿತಿಯ ಕಾರ್ಯದರ್ಶಿಯ, ಎಂದರೆ ನನ್ನ, ಮನೆಗೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಆ 600 ಆಕೆಗೆ ತಲುಪುತ್ತಿತ್ತೋ ಇಲ್ಲವೋ, ನನಗಂತೂ ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ಉಂಡೆ, ಹನ್ನೊಂದಕ್ಕೆ ಅಳ್ವಿ ಪಾಯಸ, ರಾತ್ರಿ ಗಂಜಿ. ಪ್ರೇಕ್ಷಕಳು, "ತಲೆಗೆ ಸ್ಕಾರ್ಫ್ ಕಟ್ಕೊಳ್ಳಿ, ಕಿವಿಗೆ ಹತ್ತಿ ಇಟ್ಕೊಳ್ಳಿ, ಗಾಳಿ ಹೋದೀತು" ಎಂದಳು.

ಇದರ ನಡುವೆ ಲಿಫ್ಟಿನಲ್ಲಿ ಮಗುವಿನ ಅಪ್ಪ ಸಿಕ್ಕ. ಅತ್ತ ಇತ್ತ ನೋಡಿ, ದನಿ ತಗ್ಗಿಸಿ, "ಅಂಕಲ್, ಹುಳಿ ಖಾರ ಇರೋದು ಏನಾದ್ರೂ ಸಿಗಬಹುದಾ? ಮನೆಯಲ್ಲಿ ಎರಡೆರಡು ಅಡುಗೆ ಮಾಡ್ಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ. ಹೆತ್ತದ್ದು ಅವಳು, ಪಥ್ಯ ನಮಗೆಲ್ಲ" ಎಂದ. ಕಣ್ಣಿನ ಕೆಳಗೆ ಕಪ್ಪು, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಇಷ್ಟು ದಿನವೂ ನಾನು ಅಡುಗೆ ಮಾಡಿದ್ದು, ನೋಡಿಕೊಳ್ಳುವವರು ಇಬ್ಬಿಬ್ಬರಿದ್ದ ಏಕೈಕ ವ್ಯಕ್ತಿಗೆ. ಆ ಮನೆಯಲ್ಲಿ ಉಪವಾಸ ಬಿದ್ದವರು ಉಳಿದ ಮೂವರು.

ಅಂದು ರಾತ್ರಿ ಪುಳಿಯೋಗರೆ ಹೋಯಿತು. ನಾನು ಮಾಡಿದ್ದು ಎನ್ನುವಂತಿಲ್ಲ. ಗೊಜ್ಜು ಪ್ರೇಕ್ಷಕಳು ಯುಗಾದಿಗೆ ಮಾಡಿಟ್ಟದ್ದು, ಅನ್ನ ಅವಳೇ ಇಟ್ಟದ್ದು. ಕಲಸಿದ್ದು ನಾನು. ಡಬ್ಬಿಯನ್ನು ಬಾಗಿಲ ಬಳಿ ಇಟ್ಟು, ಮೆಸೇಜು ಹಾಕಿ, ಮೆಟ್ಟಿಲಿಳಿದು ಓಡಿದೆ. ಅರ್ಧ ಗಂಟೆಗೆ ಪುತ್ತೂರಿನ ತಾಯಿಯ ಫೋನು: "ಮಾರಾಯ್ರೇ, ಇನ್ನು ಸ್ವಲ್ಪ ಉಂಟಾ? ಬೀಗಿತ್ತಿ ನನಗೆ ಬಿಡದೆ ಖಾಲಿ ಮಾಡಿದ್ರು." ಹಿಂದಿನಿಂದ ಧಾರವಾಡದ ದನಿ: "ಸುಳ್ಳ! ನಾಕ ತುತ್ತ ತಿಂದೇನಿ!"

ಆ ಡಬ್ಬಿಗೂ ಉತ್ತರ ಬಂತು, ಲೇಹ್ಯ.

ಹೊಟ್ಟೆ ಅಂಗಿಯ ಮಾತು ಕೇಳದಾದಾಗ ಪ್ರೇಕ್ಷಕಳು ನನ್ನನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ತೂಕ ನೋಡಿದರು, ಶುಗರ್ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಶುಗರ್ ನೋಡಿದರು.

"ದಿನಾ ಏನೇನು ತಿಂತಿದ್ದೀರಿ?"

"ಅಂಟಿನ ಉಂಡೆ, ಅಳ್ವಿ ಪಾಯಸ, ಸಜ್ಜಕ, ಮೆಂತೆ ಗಂಜಿ. ಮಲಗುವಾಗ ಒಂದು ಚಮಚ ಲೇಹ್ಯ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದರು.

"ಮಗು ಗಂಡೋ ಹೆಣ್ಣೋ?"

"ಹೆಣ್ಣು ಸಾರ್" ಎಂದಳು. "ಮಗು ಚೆನ್ನಾಗಿದೆ. ಬಾಣಂತಿದೇ ಯೋಚನೆ."