ಆಚಿಮನಿ ಕೂಸು: ಒಂದು ಮೂಲಮಾನದ ಮೀಮಾಂಸೆ

ತೇರದಾಳದಲ್ಲಿ ನೇಮಿನಾಥ ಬಸದಿ ಕಟ್ಟಿಸಿ ದತ್ತಿ ಬಿಟ್ಟ ಮಾಂಡಲಿಕ ಗೊಂಕನನ್ನು 12ನೇ ಶತಮಾನದ ಶಾಸನ ಕೊಂಡಾಡುತ್ತದೆ. ಆದರೆ ಆತ ಎಷ್ಟನೇ ತಿಂಗಳಿಗೆ ಅಂಬೆಗಾಲಿಟ್ಟ, 'ಅವ್ವಾ' ಅಂದದ್ದು ಯಾವಾಗ ಎಂಬ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಶಾಸನಕವಿಯ ಈ ಲೋಪವನ್ನು ಪ್ರಸ್ತುತ ಪ್ರಬಂಧ ಖಂಡಿಸುತ್ತದೆ. ಇಂದಾಗಿದ್ದರೆ ಇಡೀ ಓಣಿ ಅದನ್ನು ಬಾಯಿಪಾಠ ಮಾಡಿಟ್ಟುಕೊಂಡಿರುತ್ತಿತ್ತು.

ಕೂಸಿನ ಬೆಳವಣಿಗೆಯನ್ನು ಅಳೆಯಲು ಊರು ಒಪ್ಪಿಕೊಂಡ ಮೂಲಮಾನ 'ಆಚಿಮನಿ ಕೂಸು'. ಇದರ ಲಕ್ಷಣ: ವಯಸ್ಸಿನಲ್ಲಿ ಸದಾ ಎರಡು ತಿಂಗಳು ಹಿಂದೆ, ಹಲ್ಲಿನಲ್ಲಿ ಸದಾ ಎರಡು ಮುಂದೆ.

"ಅತ್ತೀ, ಅವರ ಕೂಸು ಆಗಲೇ ಹೊಸ್ತಿಲಾ ದಾಟೇತಂತ. ನಮ್ಮದು ಇನ್ನೂ ಹೊಟ್ಟಿ ಮ್ಯಾಲೇ ತೆವಳಾಕತ್ತೈತಿ."

"ಸುಮ್ನಿರವ್ವಾ, ಅದರಪ್ಪನೂ ಹಿಂಗ ಇದ್ದ."

ಇದಕ್ಕೆ 'ಅಪ್ಪ ಪ್ರಮಾಣ' ಎಂದು ಹೆಸರಿಡಬಹುದು. ಇದರಿಂದ ಸೊಸೆಗೆ ಸಮಾಧಾನವಾಗುವುದೋ ಚಿಂತೆ ಹೆಚ್ಚುವುದೋ ಎಂಬುದು ಸದರಿ ಅಪ್ಪ ಈಗ ಹೇಗಿದ್ದಾನೆ ಎಂಬುದರ ಮೇಲೆ ನಿಂತಿದೆ.

ಪೂರ್ವಪಕ್ಷ ಜಿನೀವಾದ್ದು. ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ 816 ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಲೆಕ್ಕ ಕೊಟ್ಟಿತು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ ಎಂದಾದರೂ ಸರಿ. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಅಂದರೆ ಗಟ್ಟಿಮುಟ್ಟಾದ ಎರಡು ಕೂಸುಗಳ ನಡುವೆಯೇ ಒಂಬತ್ತು ತಿಂಗಳ ಅಂತರವಿರಬಹುದು, ಇನ್ನೊಂದು ಬಸಿರು ಮುಗಿಯುವಷ್ಟು! ಶೇ. 4.3ರಷ್ಟು ಮಕ್ಕಳು ಅಂಬೆಗಾಲಿನ ಗೊಡವೆಗೇ ಹೋಗಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಂತೂ 2022ರಲ್ಲಿ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ಪಾಪ, ಇಷ್ಟು ದೇಶ ತಿರುಗಿದವರಿಗೆ ಆಚಿಮನಿಯೊಂದು ಕಾಣಲಿಲ್ಲ.

ಚಿಕಿತ್ಸಾ ಖಂಡಕ್ಕೆ ಬಂದರೆ, ಮಾತಿಗೆ ಬಜೆ ತೇದು ನಾಲಿಗೆಗೆ ಸವರುವುದು, ನಡಿಗೆಗೆ ಅಂಗಡಿಯ ವಾಕರ್. ಕೂಸನ್ನು ಕೂರಿಸಿ ಓಡಾಡಿಸುವ ಈ ಗಾಲಿ ಪೀಠ ನಡಿಗೆ ಕಲಿಸುವುದಿಲ್ಲ. ಮಕ್ಕಳು ಬಿದ್ದು ಪೆಟ್ಟಾಗುತ್ತದೆಂದು ಕೆನಡಾ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಹಿಡಿದು, ನಿಂತು, ತಳ್ಳಬೇಕಾದ ಮೂರು ಗಾಲಿಯ ಕಟ್ಟಿಗೆ ಗಾಡಿಯ ಮಾತು ಬೇರೆ. ಅದು ಕೂಸಿನಿಂದ ಕೆಲಸ ಮಾಡಿಸುತ್ತದೆ.

ಅಪ್ಪ ಪ್ರಮಾಣಕ್ಕೆ ಅಪವಾದಗಳುಂಟು. ಇಲ್ಲಿ ಅಣಕ ತುಸು ಬದಿಗಿರಲಿ. ಬಂದ ಮಾತು ಹಿಂದೆ ಹೋದರೆ, ಸಪ್ಪಳಕ್ಕೆ ಕೂಸು ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಹೆಜ್ಜೆ ಇಡದಿದ್ದರೆ ಅಪ್ಪನ ಬಾಲ್ಯ ಕೆದಕುತ್ತ ಕೂರಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕೆಂಬ ನಿಯಮವಿದೆ. ಹುಟ್ಟುದೋಷ, ಕೊರತೆ, ಕಾಯಿಲೆಗಳ ಜೊತೆಗೆ ಬೆಳವಣಿಗೆಯ ವಿಳಂಬವನ್ನೂ ಅವರು ಪುಕ್ಕಟೆ ನೋಡುತ್ತಾರೆ. ಅಂಗನವಾಡಿ ಟೀಚರ್‌ಗೆ ಹೇಳಿದರೆ ದಾರಿ ಸಿಗುತ್ತದೆ.

ಇನ್ನು ಉಳಿದದ್ದು ಒಂದೇ ಸಮಸ್ಯೆ: ಆಚಿಮನಿಯವರು ಯಾವುದರಿಂದ ಅಳೆಯುತ್ತಾರೆ? ಗೋಡೆಗೆ ಕಿವಿಗೊಟ್ಟು ನಡೆಸಿದ ಕ್ಷೇತ್ರಕಾರ್ಯದಲ್ಲಿ ಉತ್ತರ ಸಿಕ್ಕಿದೆ. "ಅವರ ಕೂಸು ನೋಡ್ರಿ ಎಷ್ಟು ಚಂದ ಮಾತಾಡತೈತಿ, ನಮ್ಮದು ಬರೇ ಓಡತೈತಿ" ಎನ್ನುತ್ತ ಆಚಿಮನಿಯಾಕೆ ಬಜೆ ತೇಯುತ್ತಿದ್ದಾಳೆ.